ಸುಮೋ ಕುಸ್ತಿ, ಒಂದು ಕಿಲೋ ಬೇಳೆ, ಪಿಯುಸಿ ಪುಸ್ತಕ

ಅರ್ಥಶಾಸ್ತ್ರ ಅಂದರೆ ದೂರ ಓಡುವವರೂ ಅದೇ ವಿಷಯದ ಜನಪ್ರಿಯ ಪುಸ್ತಕ ಸಿಕ್ಕರೆ ಬಿಡುವುದಿಲ್ಲ. ಯಾಕೆ ಅಂತ ನೋಡಲು 'ಫ್ರೀಕನಾಮಿಕ್ಸ್', 'ಪೂರ್ ಎಕನಾಮಿಕ್ಸ್', ಜೊತೆಗೆ ಅಕ್ಕನ ಮಗನ ಸೆಕೆಂಡ್ ಪಿಯುಸಿ ಪಠ್ಯ, ಮೂರನ್ನೂ ಒಟ್ಟಿಗೆ ಓದಿದೆ.

2005ರ ಫ್ರೀಕನಾಮಿಕ್ಸ್ ಓದಿಸಿಕೊಂಡು ಹೋಗಿದ್ದು ಕುಸ್ತಿಯಿಂದ. ಜಾತ್ರೆ ಕುಸ್ತಿಯಲ್ಲಿ ಯಾವ ಜೋಡಿ ಮೊದಲೇ ಮಾತಾಡಿಕೊಂಡಿದೆ ಅಂತ ಅನುಮಾನ ಪಡುವುದು ನಮ್ಮ ಬಾಗಲಕೋಟೆ ಕಡೆಯವರಿಗೆ ರೂಢಿ ತಾನೇ? ಇಲ್ಲಿ ಅದೇ ಅನುಮಾನ ಜಪಾನಿನ ಸುಮೋ ಮೇಲೆ. ಟೂರ್ನಿಯಲ್ಲಿ 15 ಪಂದ್ಯ, 8 ಗೆದ್ದರೆ ಪೈಲ್ವಾನನ ರ‍್ಯಾಂಕ್ ಭದ್ರ. ಕೊನೆಯ ದಿನ 7 ಗೆದ್ದು 7 ಸೋತವನಿಗೆ ಆಗಲೇ 8 ಗೆದ್ದವನು ಎದುರಾದರೆ? ಅರ್ಧಕ್ಕರ್ಧ ಗೆಲ್ಲಬೇಕಾದವನು ಶೇ 80ರಷ್ಟು ಸಲ ಗೆಲ್ಲುತ್ತಾನೆ. ಅದೇ ಜೋಡಿ ಮತ್ತೆ ಸೇರಿದಾಗ ಅವನ ಗೆಲುವು ಶೇ 40ಕ್ಕೆ ಇಳಿಯುತ್ತದೆ. ಸಾಲ ತೀರಿಸಿದ ನೋಡಿ! ಸೂತ್ರ ಇಲ್ಲ, ಗ್ರಾಫ್ ಇಲ್ಲ, ಕಳ್ಳನನ್ನು ನಾವೇ ಹಿಡಿದ ಖುಷಿ. ಆ ಖುಷಿಯಲ್ಲಿ ಗರ್ಭಪಾತ ಕಾನೂನುಬದ್ಧ ಆಗಿ ಬೇಡದ ಮಕ್ಕಳು ಹುಟ್ಟುವುದು ಕಡಿಮೆ ಆಗಿದ್ದರಿಂದ ಅಮೆರಿಕದಲ್ಲಿ ಅಪರಾಧ ಇಳಿಯಿತು ಅನ್ನುವ ವಾದವೂ ಸಲೀಸಾಗಿ ಒಳಗೆ ಇಳಿಯುತ್ತದೆ. ಅದರ ಹಿಂದಿನ ಸಂಶೋಧನೆಯ ಲೆಕ್ಕದಲ್ಲಿ ತಪ್ಪಿದೆ ಅಂತ ಅಮೆರಿಕದ ಕೇಂದ್ರ ಬ್ಯಾಂಕಿನ ಅಂಗವಾದ ಬಾಸ್ಟನ್ ಫೆಡರಲ್ ರಿಸರ್ವ್‌ನ ಇಬ್ಬರು ಅರ್ಥಶಾಸ್ತ್ರಜ್ಞರು ಅದೇ ವರ್ಷ ತೋರಿಸಿದ್ದು ಎಷ್ಟು ಓದುಗರಿಗೆ ಮುಟ್ಟಿತೋ.

2011ರ ಪೂರ್ ಎಕನಾಮಿಕ್ಸ್ ಸ್ವಲ್ಪ ನಿಧಾನ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಬರೆದದ್ದು. ಉದಯಪುರದ ಹಳ್ಳಿಗಳಲ್ಲಿ ಪೂರ್ತಿ ಲಸಿಕೆ ಆದ ಮಕ್ಕಳು ಶೇ 6 ಮಾತ್ರ. ತಪ್ಪದೆ ಕ್ಯಾಂಪ್ ಹಾಕಿದಾಗ ಶೇ 17. ಪ್ರತಿ ಸಲ ಒಂದು ಕಿಲೋ ಬೇಳೆ, ಎಲ್ಲಾ ಮುಗಿಸಿದರೆ ಸ್ಟೀಲ್ ತಟ್ಟೆ ಅಂದಾಗ ಶೇ 38. ಆಶಾ ಕಾರ್ಯಕರ್ತೆ ಆಗಿರುವ ಚಿಗವ್ವನಿಗೆ ಹೇಳಿದರೆ ನಕ್ಕಳು, "ಬ್ಯಾಳಿ ಕೊಟ್ರ ನಾಳಿ ಅಲ್ಲ, ಇವತ್ತ ಪಾಳಿ ಹಚ್ತಾರ." ಮಜಾ ಏನಂದರೆ, ಬೇಳೆ ಕೊಟ್ಟ ಮೇಲೂ ಒಂದು ಮಗುವಿಗೆ ಪೂರ್ತಿ ಲಸಿಕೆ ಹಾಕಿಸುವ ಖರ್ಚು ಬರೀ ಕ್ಯಾಂಪ್ ಹಾಕಿದಾಗಿನ ಅರ್ಧದಷ್ಟಾಯಿತು. ನರ್ಸ್ ಖಾಲಿ ಕೂತರೂ ಸಂಬಳ ಅಷ್ಟೇ ಅಲ್ವಾ?

ಪಿಯುಸಿ ಪಠ್ಯದಲ್ಲಿ ಗ್ರಾಹಕ ಸುಮ್ನೆ ಬಾಳೆಹಣ್ಣು ಮಾವಿನಹಣ್ಣು ಲೆಕ್ಕ ಹಾಕುತ್ತಾ ಇರುತ್ತಾನೆ, ಚೌಕಾಸಿ ಕೂಡ ಮಾಡಲ್ಲ. ಅವನಿಗೆ ಊರಿಲ್ಲ, ಹಟ ಇಲ್ಲ, ಹಾಗಾಗಿ ನಿದ್ದೆ ಬರುತ್ತದೆ. ಆದರೆ ಬೆಳೆ ಚೆನ್ನಾಗಿ ಬಂದ ವರ್ಷವೇ ಉಳ್ಳಾಗಡ್ಡಿ ರೈತನ ಕೈಗೆ ದುಡ್ಡು ಯಾಕೆ ಕಡಿಮೆ ಅನ್ನುವುದಕ್ಕೆ ದಾರಿ ಸಿಕ್ಕಿದ್ದು ಇದರ ಸ್ಥಿತಿಸ್ಥಾಪಕತ್ವದ ಪಾಠದಲ್ಲೇ, ಅಂದರೆ ದರ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಅನ್ನುವ ಪಾಠದಲ್ಲಿ. ದರ ಅರ್ಧ ಆಯ್ತು ಅಂತ ಯಾರೂ ಎರಡು ಪಟ್ಟು ಉಳ್ಳಾಗಡ್ಡಿ ತಿನ್ನಲ್ಲ.

ರಾತ್ರಿ ರೈಲಿಗೆ ಫ್ರೀಕನಾಮಿಕ್ಸ್ ಸಾಕು. ದುಡ್ಡು ಕೊಟ್ಟು ಒಂದೇ ಕೊಳ್ಳುವುದಾದರೆ ನನ್ನ ವೋಟು ಪೂರ್ ಎಕನಾಮಿಕ್ಸ್‌ಗೆ. ಪಠ್ಯ ಕೊಳ್ಳಬೇಕಿಲ್ಲ, ಪಕ್ಕದ ಮನೆಯ ಪಿಯುಸಿ ಹುಡುಗರನ್ನು ಕೇಳಿ, ಖುಷಿಯಿಂದ ಕೊಡುತ್ತಾರೆ.