ಪಿಕಪ್ ಟ್ರಕ್, ಏಳನೇ ವರ್ಷ, 94 ಸಾವಿರ ಮೈಲಿ: ಎಲ್ಲಾ ಹೇಳ್ತೀನಿ, ಹೆಸರೊಂದು ಬಿಟ್ಟು

ಮೊದಲೇ ಹೇಳಿಬಿಡ್ತೀನಿ, ನನ್ನ ಟ್ರಕ್ಕಿನ ಕಂಪನಿ ಯಾವುದು ಅಂತ ಈ ಬರಹದಲ್ಲಿ ಎಲ್ಲೂ ಬರಲ್ಲ. ಡೆಟ್ರಾಯಿಟ್‌ನ ಮೂರು ದೊಡ್ಡ ಕಂಪನಿಗಳಲ್ಲಿ ಒಂದು, 2018ರ ಮಾದರಿ, ನಾಲ್ಕು ಬಾಗಿಲು, ಬಿಳಿ ಬಣ್ಣ. ಅಷ್ಟು ಸಾಕು. ಒಮ್ಮೆ ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಹೆಸರಿನ ಸಮೇತ ಹಾಕಿ, "ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಅನ್ನುತ್ತೆ, ಯಾರಿಗಾದ್ರೂ ಅನುಭವ ಇದೆಯಾ" ಅಂತ ಕೇಳಿದ್ದೆ. ಟಿಕ್ ಟಿಕ್ ಬಗ್ಗೆ ಒಬ್ಬರೂ ಉಸಿರೆತ್ತಲಿಲ್ಲ. "ಅದನ್ನ ಯಾಕ್ ಸಾರ್ ತಗೊಂಡ್ರಿ", "ನಾನು ಆವತ್ತೇ ಬಡ್ಕೊಂಡೆ" ಅಂತ ಶುರುವಾಗಿ ಸಂಜೆಯೊಳಗೆ ಅರವತ್ತು ಮೆಸೇಜು. ಸಿವಿಕ್ ಓಡಿಸೋರೂ ಪಕ್ಷ ಹಿಡಿದಿದ್ರು. ಅವತ್ತಿನಿಂದ ಹೆಸರು ಬಾಯಿ ಬಿಡೋದು ನಿಲ್ಲಿಸಿದೆ.

ಊರಲ್ಲಿರೋರಿಗೆ ಈ ಜಗಳದ ಖಾರ ಗೊತ್ತಿರಲಿಕ್ಕಿಲ್ಲ. ನಾವಿರೋದು ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ, ಡಲ್ಲಾಸ್ ಉತ್ತರಕ್ಕೆ. ಇಲ್ಲಿ ಟ್ರಕ್ಕು ಅಂದ್ರೆ ಮನೆದೇವರು ಇದ್ದ ಹಾಗೆ: ತಾತ ಯಾವುದಕ್ಕೆ ನಡ್ಕೊಂಡನೋ ಮೊಮ್ಮಗನೂ ಅದಕ್ಕೇ ನಡ್ಕೋಬೇಕು. ನೀಲಿ ಅಂಡಾಕಾರದ ಫೋರ್ಡ್, ಚಿನ್ನದ ಬೋ-ಟೈನ ಶೆವರ್ಲೆ, ಟಗರಿನ ತಲೆಯ ರ‍್ಯಾಮ್. ಒಬ್ಬನ ಹಿಂದಿನ ಗಾಜಿನ ಮೇಲೆ ಚಿಕ್ಕ ಹುಡುಗ ಇನ್ನೊಬ್ಬನ ಲಾಂಛನದ ಮೇಲೆ ಉಚ್ಚೆ ಹುಯ್ಯೋ ಸ್ಟಿಕ್ಕರ್. ಎಫ್-ಓ-ಆರ್-ಡಿ ಅಂದ್ರೆ 'ಫಿಕ್ಸ್ ಆರ್ ರಿಪೇರ್ ಡೈಲಿ' ಅಂತ ಇಲ್ಲಿ ಪ್ರೈಮರಿ ಶಾಲೆ ಮಕ್ಕಳಿಗೂ ಗೊತ್ತು. ಕಂಪನಿಗಳೂ ಕಮ್ಮಿ ಇಲ್ಲ. 2012ರ ಅಮೆರಿಕನ್ ಫುಟ್‌ಬಾಲ್ ಫೈನಲ್ ಪಂದ್ಯ ಸೂಪರ್ ಬೌಲ್‌ನಲ್ಲಿ ಬಂದ ಶೆವರ್ಲೆ ಜಾಹೀರಾತಿನಲ್ಲಿ ಪ್ರಳಯ ಆಗಿ ಊರೆಲ್ಲ ಬೂದಿ. ಶೆವರ್ಲೆಯ ಸಿಲ್ವೆರಾಡೊ ಟ್ರಕ್ಕು ಇದ್ದೋರು ಮಾತ್ರ ಬದುಕಿ ಬಂದು ಸೇರ್ತಾರೆ. ಗೆಳೆಯ ಡೇವ್ ಎಲ್ಲಿ ಅಂತ ಒಬ್ಬ ಕೇಳಿದ್ರೆ, ಪಾಪ, ಅವನದು ಫೋರ್ಡ್ ಆಗಿತ್ತು. ಆ ಜಾಹೀರಾತು ತೆಗೀರಿ ಅಂತ ಫೋರ್ಡ್‌ನೋರು ಕೇಳಿದ್ರು, ಶೆವರ್ಲೆಯೋರು ತೆಗೀಲಿಲ್ಲ.

ಆಮೇಲಿನದು ಇನ್ನೂ ಚೆನ್ನಾಗಿದೆ. 2015ರ ಮಾದರಿಯಲ್ಲಿ ಫೋರ್ಡ್ ತನ್ನ ಎಫ್-150 ಪಿಕಪ್ಪಿಗೆ ಸ್ಟೀಲ್ ಬಿಟ್ಟು ಅಲ್ಯೂಮಿನಿಯಂ ಬಾಡಿ ಹಾಕ್ತು. ಮಾರನೇ ವರ್ಷ ಶೆವರ್ಲೆಯೋರು ಎರಡೂ ಕಂಪನಿ ಗಾಡಿಯ ಹಿಂದಿನ ತೊಟ್ಟಿಗೆ, ಅಂದ್ರೆ ಬೆಡ್‌ಗೆ 825 ಪೌಂಡ್ ಕಲ್ಲಿನ ಇಟ್ಟಿಗೆ ಎತ್ತರದಿಂದ ಸುರಿದು, ನೋಡಿ ಅಲ್ಯೂಮಿನಿಯಂ ಹೆಂಗೆ ತೂತು ಬಿತ್ತು ಅಂತ ಟಿವಿಯಲ್ಲಿ ತೋರಿಸಿದ್ರು. ಹೀಗೆ ನಕ್ಕವರೇ 2019ರ ಸಿಲ್ವೆರಾಡೊದಲ್ಲಿ ಬಾಗಿಲು, ಬಾನೆಟ್ಟು, ಟೇಲ್‌ಗೇಟು (ಬೆಡ್ಡಿನ ಹಿಂಬದಿ ಬಾಗಿಲು) ಮೂರಕ್ಕೂ ಅಲ್ಯೂಮಿನಿಯಂ ತಂದ್ರು. ಬೆಡ್ ಮಾತ್ರ ಸ್ಟೀಲೇ ಉಳೀತು, ಮಾತು ಉಳಿಸ್ಕೊಳ್ಳೋಕೆ. ಆ ವರ್ಷಗಳಲ್ಲಿ ಡೀಲರ್ ಅಂಗಳಕ್ಕೆ ಜನ ಜೇಬಿನಲ್ಲಿ ಫ್ರಿಜ್‌ನ ಮ್ಯಾಗ್ನೆಟ್ ಇಟ್ಕೊಂಡು ಬರ್ತಿದ್ದನ್ನ ನಾನೇ ಕಂಡಿದ್ದೀನಿ. ಸ್ಟೀಲಿಗಾದ್ರೆ ಅದು ಅಂಟುತ್ತೆ, ಅಲ್ಯೂಮಿನಿಯಂಗೆ ಅಂಟಲ್ಲ.

ಹೊಸ ಕಂಪನಿ ಯಾಕೆ ಒಳಗೆ ಬರಲ್ಲ ಅಂದ್ರೆ ಅದಕ್ಕೆ ಕಾರಣ ಕೋಳಿ. ತಮಾಷೆ ಅಲ್ಲ. 1960ರ ದಶಕದಲ್ಲಿ ಐರೋಪ್ಯರು ಅಮೆರಿಕದ ಕೋಳಿಗೆ ಸುಂಕ ಹಾಕಿದ್ರು. ಆ ಸಿಟ್ಟಿಗೆ ಇದೇ ಟೆಕ್ಸಸ್‌ನ ಲಿಂಡನ್ ಜಾನ್ಸನ್, ಅಧ್ಯಕ್ಷರಾದ ಹೊಸದರಲ್ಲಿ, ಆಮದು ಪಿಕಪ್‌ಗಳ ಮೇಲೆ ಶೇ. 25 ಸುಂಕ ಜಡಿದ್ರು. 1964ರಿಂದ ಅದು ಹಾಗೇ ಇದೆ. ಟೊಯೊಟಾದೋರು ತಮ್ಮ ಟಂಡ್ರಾ ಪಿಕಪ್ ಕಟ್ಟೋಕೆ ಸ್ಯಾನ್ ಆಂಟೋನಿಯೋಗೆ ಬಂದು ಕಾರ್ಖಾನೆ ಹಾಕಿದ್ದಾರೆ. ಆದರೂ ನಮ್ಮ ಬೀದಿಯಲ್ಲಿ ಅದನ್ನ ಬೇರೆ ಪಂಗಡ ಅಂತಲೇ ಲೆಕ್ಕ.

ನನಗೆ ಯಾವ ಪಂಗಡವೂ ಇರಲಿಲ್ಲ. 2019ರಲ್ಲಿ 22 ಸಾವಿರ ಮೈಲಿ ಓಡಿದ್ದು 31 ಸಾವಿರ ಡಾಲರಿಗೆ ಸಿಕ್ತು, ತಗೊಂಡೆ. ಕೆಲಸಕ್ಕೆ ಬೇಕಿತ್ತಾ? ಇಲ್ಲ. ನಾನು ಕೂತು ಕಂಪ್ಯೂಟರ್ ಕುಟ್ಟೋನು. "ರೀ, ಇದರಲ್ಲಿ ಏನ್ ಹೇರ್ತೀರಾ?" ಅಂತ ನನ್ನ ಹೆಂಡತಿ ಕೇಳಿದ್ಳು. ಉತ್ತರ ಇರಲಿಲ್ಲ. ಆರು ತಿಂಗಳಲ್ಲಿ ಉತ್ತರ ತಾನಾಗೇ ಬಂತು: ಊರವರದೆಲ್ಲ ಹೇರ್ತೀನಿ. ಗಣೇಶನ ಹಬ್ಬಕ್ಕೆ ಬಿಸಿಬೇಳೆಬಾತಿನ ಕೊಳದಪ್ಪಲೆ, ಯಾರದೋ ಸೋಫಾ, ಯುಗಾದಿ ನಾಟಕದ ಸಿಂಹಾಸನ. ಕೂಟದಲ್ಲಿ ನನ್ನ ಹೆಸರು ಮರೆತೋರು ಇದ್ದಾರೆ, 'ಪಿಕಪ್ ಇರೋರು' ಅಂದ್ರೆ ಎಲ್ಲರಿಗೂ ಗೊತ್ತು.

ಮೈಲೇಜು ಗ್ಯಾಲನ್‌ಗೆ 17. ಮುಂದಿನ ವಿಷಯ.

ಈ ಗಾಡಿಯಲ್ಲಿ ನನಗೆ ಪ್ರಾಣ ಅಂದ್ರೆ ಟೇಲ್‌ಗೇಟು. ಕೊಂಡಾಗ ಅದೊಂದು ಹಲಗೆ ಅಂತ ಅಂದ್ಕೊಂಡಿದ್ದೆ. ಶನಿವಾರ ಬೆಳಿಗ್ಗೆ ಆರೂವರೆಗೆ ಡಿಕಾಕ್ಷನ್ ಇಳಿದಿರುತ್ತೆ. ಲೋಟ ಹಿಡ್ಕೊಂಡು ಹೊರಗೆ ಬಂದು ಹಿಡಿ ಎಳೆದರೆ ಅದು ದಡಾರ್ ಅಂತ ಬೀಳಲ್ಲ, ಮುದುಕರು ಕುರ್ಚಿಯಲ್ಲಿ ಕೂರೋ ಹಾಗೆ ನಿಧಾನಕ್ಕೆ ಇಳಿಯುತ್ತೆ. ಹಳೇ ಜಮಖಾನ ನಾಲ್ಕು ಮಡಿಕೆ ಹಾಸ್ತೀನಿ, ಬೇಸಿಗೆಯಲ್ಲಿ ಲೋಹ ಸುಡುತ್ತೆ, ಚಳಿಗಾಲದಲ್ಲಿ ಕಚ್ಚುತ್ತೆ. ಕೂತರೆ ಕಾಲು ನೆಲಕ್ಕೆ ಎಟಕಲ್ಲ, ತೂಗಾಡ್ತಿರುತ್ತೆ. ತಿಪಟೂರಿನ ನಮ್ಮ ಹಳೇ ಮನೆ ಜಗಲಿಯೂ ಅಷ್ಟೇ ಎತ್ತರ ಇತ್ತು. ಇಲ್ಲಿನ ಮನೆಗಳಿಗೆ ಜಗಲಿ ಇಲ್ಲ. ಮುಂದೆ ಹುಲ್ಲು, ಹಿಂದೆ ಬೇಲಿ, ಬೇಲಿಯೊಳಗೆ ಜನ. ಐದು ವರ್ಷ ಇದೇ ಬೀದಿಯಲ್ಲಿದ್ದು ಪರಿಚಯ ಆಗದ ಮಂದಿ, ನಾನು ಹಾಗೆ ಕೂರೋಕೆ ಶುರು ಮಾಡಿದ ಎರಡು ತಿಂಗಳಲ್ಲಿ ನಿಂತು ಮಾತಾಡಿಸಿದ್ರು. ನಾಯಿ ಹಿಡ್ಕೊಂಡು ಹೋಗೋರು, ಸ್ಪ್ರಿಂಕ್ಲರ್ ರಿಪೇರಿಯೋನು, ಮತ್ತೆ ಪಕ್ಕದ ಮನೆ ಅಜ್ಜ.

ಅಜ್ಜನ ಬಗ್ಗೆ ಹೇಳಲೇಬೇಕು. ಎಪ್ಪತ್ತೈದು ದಾಟಿದೆ. ಅವರಪ್ಪನ ಕಾಲದಿಂದ ಎದುರು ಪಕ್ಷ, ಅಂದ್ರೆ ಬೇರೆ ಕಂಪನಿ ಟ್ರಕ್ಕಿನೋರು. ಎದುರು ಪಕ್ಷದ ಟೋಪಿ, ಎದುರು ಪಕ್ಷದ ಕಾಫಿ ಮಗ್ಗು. ನನ್ನ ಟೇಲ್‌ಗೇಟಿನ ಮೇಲೆ ಎರಡು ವರ್ಷ ಕೂರಲಿಲ್ಲ. ಪಕ್ಕದಲ್ಲಿ ನಿಂತೇ ಮಾತಾಡೋರು.

ದೋಷ ಎರಡಿದೆ. ಚಿಕ್ಕದು ಮೊದಲು. ಗಾಡಿ ಹತ್ತೊಂಬತ್ತು ಅಡಿಗಿಂತ ಉದ್ದ, ನಮ್ಮ ಗ್ಯಾರೇಜಿನಲ್ಲಿ ಬಾಗಿಲು ಮುಚ್ಚೋಕೆ ನಾಲ್ಕು ಇಂಚು ಸಾಲಲ್ಲ. ಕೊಳ್ಳೋ ಮುಂಚೆ ಟೇಪು ಹಿಡಿದು ಅಳೀಬೇಕಿತ್ತು, ಅಳೀಲಿಲ್ಲ, ತಪ್ಪು ನನ್ನದೇ. ವರ್ಷಪೂರ್ತಿ ಬಯಲಲ್ಲಿ ನಿಂತು ಒಂದು ಆಲಿಕಲ್ಲು ಮಳೆಗೆ ಬಾನೆಟ್ ಮೇಲೆ ಹನ್ನೊಂದು ಕುಳಿ. ಆದರೆ 2021ರ ಫೆಬ್ರವರಿಯಲ್ಲಿ ಟೆಕ್ಸಸ್ ಹೆಪ್ಪುಗಟ್ಟಿ ಕರೆಂಟ್ ಹೋದಾಗ, ಗಾಡಿ ಹೊರಗಿದ್ದದ್ದೇ ಒಳ್ಳೇದಾಯ್ತು. ಗ್ಯಾರೇಜಿನೊಳಗೆ ಎಂಜಿನ್ ಓಡಿಸಿ ವಿಷಗಾಳಿಗೆ ಸತ್ತೋರಿದ್ರು ಆ ವಾರ. ನಾವು ಹೊರಗೆ ಓಡಿಸ್ಕೊಂಡು, ಡ್ಯಾಶ್‌ಬೋರ್ಡಿನ ಸಾಕೆಟ್‌ಗೆ ಪುಟ್ಟ ರೈಸ್ ಕುಕ್ಕರ್ ಹಾಕಿ ಅನ್ನ ಮಾಡಿದ್ವಿ. ಮುಂದಿನ ಸೀಟಿನಲ್ಲಿ ಕುಕ್ಕರು, ಸೀಟ್ ಬೆಲ್ಟ್ ಹಾಕಿ. ಫೋರ್ಡ್‌ನ ಹೊಸ ಹೈಬ್ರಿಡ್‌ನಲ್ಲಿ 7.2 ಕಿಲೋವ್ಯಾಟ್ ಜನರೇಟರ್ ಇತ್ತು, ಅಂಥ ಗಾಡಿಗಳನ್ನ ಜನಕ್ಕೆ ಎರವಲು ಕೊಡಿ ಅಂತ ಕಂಪನಿ ಟೆಕ್ಸಸ್ ಡೀಲರ್‌ಗಳಿಗೆ ಹೇಳಿತ್ತು. ಆ ವಾರ ಬೇರೆ ಎರಡು ಪಕ್ಷದೋರು ಸ್ವಲ್ಪ ಮೆತ್ತಗಿದ್ರು.

ದೊಡ್ಡ ದೋಷ ಟಿಕ್ ಟಿಕ್. 48 ಸಾವಿರ ಮೈಲಿಗೆ ಶುರು. ಬೆಳಿಗ್ಗೆ ತಣ್ಣಗಿದ್ದಾಗ ಅಜ್ಜಿ ಅಡಿಕೆ ಕುಟ್ಟೋ ಹಾಗೆ, ಬಿಸಿಯಾದ ಮೇಲೆ ಮಾಯ. ಈ ಮೂರು ಮನೆತನಕ್ಕೂ ಒಂದೊಂದು ಸದ್ದಿನ ಕೆಟ್ಟ ಹೆಸರಿದೆ, ಎಂಜಿನ್ನಿನ ಒಂದೊಂದು ಭಾಗದಿಂದ ಬರೋದು. ಒಬ್ಬರದು ಕ್ಯಾಮ್ ಫೇಸರ್, ಒಬ್ಬರದು ಲಿಫ್ಟರ್, ಇನ್ನೊಬ್ಬರದು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬೋಲ್ಟು. ನನ್ನದು ಯಾವುದು ಅಂದ್ರೆ ಗುಟ್ಟು ರಟ್ಟಾಗುತ್ತೆ. ಡೀಲರ್ ಹತ್ರ ಒಯ್ದೆ. ಸರ್ವಿಸ್ ಅಡ್ವೈಸರ್ ಬಾನೆಟ್ಟನ್ನೂ ಎತ್ತದೆ 'ನಾರ್ಮಲ್' ಅಂದ. ಬಿಲ್ಲಿನ ಮೇಲೂ ಹಾಗೇ ಬರೆದ.

2022ರ ಬೇಸಿಗೆಗೆ ಅಪ್ಪ ಬಂದ್ರು. ತೆಂಗಿನ ತೋಟದ ಮನುಷ್ಯ, ನಲವತ್ತು ವರ್ಷ ಮ್ಯಾಸ್ಸಿ ಬಿಟ್ಟು ಬೇರೆ ಟ್ರ್ಯಾಕ್ಟರ್ ಹತ್ತಿದೋರಲ್ಲ. ಗಾಡಿ ಸುತ್ತ ಎರಡು ಸುತ್ತು ಹಾಕಿ, ಬೆಡ್ಡನ್ನ ಮೊಳ ಹಾಕಿ ಅಳೆದ್ರು. ನಾಲ್ಕು ಮೊಳವೂ ಬರಲಿಲ್ಲ.

"ಇಷ್ಟ್ ದೊಡ್ಡ ಗಾಡಿಗೆ ಇಷ್ಟೇನೇನ್ಲಾ ತೊಟ್ಟಿ?"

ಡ್ರೈವರ್ ಬಾಗಿಲ ಪಕ್ಕ ಒಂದು ಹಳದಿ-ಬಿಳಿ ಚೀಟಿ ಇರುತ್ತೆ, ಜನ-ಸಾಮಾನು ಸೇರಿ ಎಷ್ಟು ತೂಕ ಹಾಕಬಹುದು ಅಂತ. ನನ್ನದರಲ್ಲಿ 1,540 ಪೌಂಡ್, ಅಂದ್ರೆ 700 ಕೆಜಿ. ಐದು ಜನ ಕೂತರೆ ಉಳಿಯೋದು ಮುನ್ನೂರು ಚಿಲ್ಲರೆ. ಅಪ್ಪ ನಗೋಕೆ ಶುರು ಮಾಡಿದ್ರು, ಹತ್ತು ನಿಮಿಷ ನಿಲ್ಲಿಸಲಿಲ್ಲ. ನಮ್ಮೂರ ಸಂತೆಗೆ ಬರೋ ಬೊಲೆರೊ ಪಿಕಪ್ಪಿನ ಮೇಲೆ 1.7 ಟನ್ ಅಂತ ಬರೆದಿರುತ್ತೆ, ಹೇರೋದು ಅದಕ್ಕಿಂತ ಜಾಸ್ತಿ. ಇಲ್ಲಿ ಟಿವಿಯಲ್ಲಿ ಹತ್ತು ಸಾವಿರ ಪೌಂಡ್ ಎಳೀತೀವಿ ಅಂತ ಮೂರೂ ಮನೆಯೋರು ತೊಡೆ ತಟ್ಟೋದು ಹಿಂದೆ ಕಟ್ಟೋ ಟ್ರೇಲರಿನ ಲೆಕ್ಕ. ಬೆನ್ನ ಮೇಲೆ ಹೊರೋದು ಬೇರೆ ಲೆಕ್ಕ. ಕೊಳ್ಳೋ ಮುಂಚೆ ಬಾಗಿಲು ತೆಗೆದು ಆ ಚೀಟಿ ಓದಿ. ಒಂದೇ ಮಾದರಿಯ ಎರಡು ಗಾಡಿಯಲ್ಲೂ ಅದು ಬೇರೆ ಬೇರೆ ಇರುತ್ತೆ. ಸನ್‌ರೂಫು, ಚರ್ಮದ ಸೀಟು ಹಾಕಿಸಿದಷ್ಟೂ ಹೊರೆ ಇಳಿಯುತ್ತೆ.

ಮಾರನೇ ಬೆಳಿಗ್ಗೆ ಸದ್ದು ಕೇಳಿ ಅಪ್ಪ ನಿಂತ್ರು. "ಉದ್ದನ್ ಸ್ಕ್ರೂಡ್ರೈವರ್ ಐತಾ?" ತಂದುಕೊಟ್ಟೆ. ಪ್ಲಾಸ್ಟಿಕ್ ಮುಚ್ಚಳ ತೆಗೆಸಿ, ತುದಿಯನ್ನ ಎಂಜಿನ್ ಮೇಲೆ ಊರಿ, ಹಿಡಿಯನ್ನ ಕಿವಿಗೆ ಒತ್ತಿ ಕಣ್ಣು ಮುಚ್ಚಿದ್ರು. ತೋಟದ ಡೀಸೆಲ್ ಪಂಪಿಗೆ ಹೀಗೇ ಮಾಡ್ತಿದ್ರು, ನಾನು ಚಿಕ್ಕೋನಿದ್ದಾಗ. ಅಷ್ಟೊತ್ತಿಗೆ ಪಕ್ಕದ ಮನೆ ಅಜ್ಜ ಬಂದು, ಏನೂ ಕೇಳದೆ ಕೈ ಚಾಚಿದ್ರು. ಅಪ್ಪ ಸ್ಕ್ರೂಡ್ರೈವರ್ ಕೊಟ್ರು. ಅಜ್ಜನೂ ಕಿವಿಗಿಟ್ಟು ಕಣ್ಣು ಮುಚ್ಚಿದ್ರು. ಭಾಷೆ ಇಲ್ಲದ ಇಬ್ಬರು ಮುದುಕರು ಒಂದೇ ಕಡೆ ಬೆರಳು ತೋರಿಸಿದ್ರು.

ಅಜ್ಜ ಟೋಪಿ ಸರಿ ಮಾಡ್ಕೊಂಡು ಏನೋ ಅಂದ್ರು. "ಏನಂತೆ?" ಅಂದ್ರು ಅಪ್ಪ.

"ಅವರ ಕಂಪನಿ ಗಾಡೀಲಿ ಈ ಸದ್ದು ಬರಲ್ವಂತೆ."

"ಮ್ಯಾಸ್ಸಿಯೋರೂ ಅಂಗೇ ಅಂತಿದ್ರು ಬಿಡು."

ಇಬ್ಬರೂ ಟೇಲ್‌ಗೇಟ್ ಇಳಿಸಿ ಅದರ ಮೇಲೆ ಕೂತ್ರು. ಅಜ್ಜ ಅದರ ಮೇಲೆ ಕೂತಿದ್ದು ಅವತ್ತೇ ಮೊದಲು.

ಡೀಲರ್ ಹತ್ರ ಎರಡನೇ ಸಲ ಹೋದೆ, ಮತ್ತೆ 'ನಾರ್ಮಲ್'. ಎಂಜಿನ್ ವಾರಂಟಿ ಐದು ವರ್ಷ ಅಥವಾ 60 ಸಾವಿರ ಮೈಲಿ, ಯಾವುದು ಮೊದಲೋ ಅದು. 61,400ಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. ಮೂರನೇ ಸಲ ಹೋದಾಗ ಅದೇ ಅಡ್ವೈಸರ್ ಅದೇ ಸದ್ದನ್ನ ಕೇಳಿ, "ಓಹ್, ಇದು ಆ ಪ್ರಾಬ್ಲಮ್ಮು" ಅಂತ ಹೆಸರಿಟ್ಟೇ ಹೇಳಿದ. 4,200 ಡಾಲರ್. ಮೈಯೆಲ್ಲ ಉರಿದುಹೋಯ್ತು. ಕಂಪನಿ ಯಾವುದಾದ್ರೂ ಇರಲಿ, ಮೂರಕ್ಕೂ ಲೋಹ ಒಂದೇ, ಸವೆತ ಒಂದೇ. ನಮ್ಮ ಪಾಲಿಗೆ ಗಾಡಿ ಒಳ್ಳೇದೋ ಕೆಟ್ಟದ್ದೋ ತೀರ್ಮಾನ ಆಗೋದು ಆ ಕೌಂಟರಿನ ಹಿಂದೆ ಕೂತೋನ ಕೈಲಿ. ಈ ಮಾತನ್ನ ಯಾವ ಪಕ್ಷದ ಭಕ್ತನೂ ಒಪ್ಪಲ್ಲ.

ನನ್ನನ್ನ ಉಳಿಸಿದ್ದು ಹಳೇ ಬಿಲ್ಲುಗಳು. ಅಪ್ಪ ಕೊಬ್ಬರಿ ಮಂಡಿಯ ಪಟ್ಟಿಗಳನ್ನ ತಂತಿಗೆ ಪೋಣಿಸಿ ಇಡ್ತಿದ್ರು, ನನಗೂ ಅದೇ ಚಾಳಿ. 48 ಸಾವಿರದ್ದು, 55 ಸಾವಿರದ್ದು, ಎರಡರ ಮೇಲೂ 'ಗ್ರಾಹಕರ ದೂರು: ಸದ್ದು' ಅಂತ ತಾರೀಖಿನ ಸಮೇತ ಇತ್ತು. ಕಂಪನಿಯ ಕಸ್ಟಮರ್ ಕೇರ್‌ಗೆ ಎರಡರ ಫೋಟೋ ಕಳಿಸಿ ಹನ್ನೊಂದು ದಿನ ಕಾಡಿದೆ. ಅರ್ಧ ಅವರು ಹಾಕಿದ್ರು, 'ಗುಡ್‌ವಿಲ್' ಅಂತೆ. ಅರ್ಧ ನಾನು ಕಟ್ಟಿದೆ. ಆಮೇಲೆ 33 ಸಾವಿರ ಮೈಲಿ ಓಡಿದೆ, ಸದ್ದಿಲ್ಲ. ಗಾಡಿಯ ಡ್ಯಾಶ್‌ಬೋರ್ಡು ಏನೇ ಹೇಳಲಿ, ಐದು ಸಾವಿರ ಮೈಲಿಗೊಮ್ಮೆ ಆಯಿಲ್ ಬದಲಾಯಿಸ್ತೀನಿ, ಬೇರೆ ಅಂಗಡಿಯಲ್ಲಿ.

ಇನ್ನೊಂದು ಸಲ ಇದನ್ನೇ ತಗೊಳ್ತೀರಾ ಅಂದ್ರೆ, ಸೆಕೆಂಡ್ ಹ್ಯಾಂಡ್ ಆದ್ರೆ ಹೂಂ. ಹೊಸದರ ಬೆಲೆ ಈಗ ಕೇಳೋ ಹಾಗಿಲ್ಲ, 'ಟೆಕ್ಸಸ್ ಎಡಿಷನ್' ಅಂತ ಒಂದು ಬಿಲ್ಲೆ ಅಂಟಿಸಿದ್ರೆ ಇನ್ನಷ್ಟು. ರ‍್ಯಾಮ್‌ನೋರ 'ಲೋನ್ ಸ್ಟಾರ್' ಮಾದರಿ ಬೇರೆ ರಾಜ್ಯದಲ್ಲಿ 'ಬಿಗ್ ಹಾರ್ನ್' ಅನ್ನೋ ಹೆಸರಲ್ಲಿ ಮಾರೋ ಗಾಡಿಯೇ. ಟೇಲ್‌ಗೇಟಿಗೆ ಹತ್ತಕ್ಕೆ ಹತ್ತು, ಡೀಲರ್‌ಗೆ ಎರಡು.

ಹೋದ ತಿಂಗಳು ಪಕ್ಕದ ಮನೆ ಅಜ್ಜನ ಟ್ರಕ್ಕು ರಿಪೇರಿಗೆ ಹೋಗಿತ್ತು. ಏನಾಗಿದೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಗಳ ಮನೆಗೆ ವಾಷಿಂಗ್ ಮೆಷಿನ್ ಸಾಗಿಸಬೇಕಿತ್ತು. ಕತ್ತಲಾದ ಮೇಲೆ ಬಂದು ನನ್ನ ಕೀ ಕೇಳಿದ್ರು. ಬೆಳಿಗ್ಗೆ ಎದ್ದು ನೋಡಿದ್ರೆ ಗಾಡಿ ಅದರ ಜಾಗದಲ್ಲಿತ್ತು, ಟ್ಯಾಂಕ್ ತುಂಬಿತ್ತು, ಟೇಲ್‌ಗೇಟಿನ ನಟ್ಟನಡುವೆ ಎದುರು ಪಕ್ಷದ ಲಾಂಛನ, ಅಂಗೈಯಷ್ಟು ದೊಡ್ಡದು. ನಾನಿನ್ನೂ ತೆಗೆದಿಲ್ಲ. ಅದು ಮ್ಯಾಗ್ನೆಟ್ಟೋ, ಅಂಟು ಹಚ್ಚಿದ್ದೋ ಅಂತ ಮಾತ್ರ ಕೇಳಬೇಡಿ. ಹೇಳಿದ್ರೆ ನಿಮ್ಮಲ್ಲಿ ಅರ್ಧ ಜನಕ್ಕೆ ನನ್ನ ಗಾಡಿ ಯಾವುದು ಅಂತ ಗೊತ್ತಾಗಿಬಿಡುತ್ತೆ.