ಗುರುತಿಲ್ಲದ ಕ್ಯಾಮ್‌ಶಾಫ್ಟ್ ಮತ್ತು ಬೈತಖೋಲದ ಒಂದು ಕಾರ್ಯಾಗಾರ

ಕಾರವಾರದ ಬೈತಖೋಲ ಮೀನುಗಾರಿಕಾ ಬಂದರಿನ ಆಸುಪಾಸಿನಲ್ಲಿ ಬೋಟಿನ ಎಂಜಿನ್ ಬಿಚ್ಚಿ ಕಟ್ಟುವವರಿಗೆ ಕೊರತೆಯಿಲ್ಲ. ಆದರೆ ಯಾವ ಎಂಜಿನ್ನಿನದೆಂದೇ ತಿಳಿಯದ ಬಿಡಿಭಾಗವೊಂದನ್ನು ಮುಂದಿಟ್ಟರೆ ಅಂದಾಜಿಗೆ ಒಂದು ಹೆಸರು ಹೇಳಿ ಕಳುಹಿಸುವವರೇ ಹೆಚ್ಚು. ಅಳೆದು ನೋಡಿ, ಕಾರಣ ಕೊಟ್ಟು, ಗೊತ್ತಾಗದ್ದನ್ನು ಗೊತ್ತಾಗಲಿಲ್ಲ ಎಂದು ಹೇಳುವವರು ಕಡಿಮೆ. ಬಂದರಿನ ರಸ್ತೆಗೆ ಹೊಂದಿಕೊಂಡಿರುವ, ಒಂದು ಲೇಥ್ ಮತ್ತು ಒಂದು ಹೈಡ್ರಾಲಿಕ್ ಪ್ರೆಸ್ ಇಟ್ಟುಕೊಂಡಿರುವ ಚಿಕ್ಕ ಕಾರ್ಯಾಗಾರವೊಂದು ಈ ಎರಡನೆಯ ಬಗೆಯದು. ನಮ್ಮ ಟ್ರಾಲ್ ಬೋಟಿಗಾಗಿ ತಂದಿದ್ದ ಹಳೆಯ ಕ್ಯಾಮ್‌ಶಾಫ್ಟ್ (ಎಂಜಿನ್ನಿನ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ದಂಡ) ಒಂದನ್ನು ಅಲ್ಲಿ ಪರೀಕ್ಷೆ ಮಾಡಿಸಿದ ಅನುಭವವನ್ನು ಇಲ್ಲಿ ವಿವರವಾಗಿ ದಾಖಲಿಸುತ್ತಿದ್ದೇನೆ, ಏಕೆಂದರೆ ಈ ಕರಾವಳಿಯಲ್ಲಿ ಇಂಥ ಮಾಲು ಕೊಂಡು ಪೇಚಿಗೆ ಸಿಲುಕುವ ಬೋಟ್ ಮಾಲೀಕರು ಬಹಳ ಮಂದಿ ಇದ್ದಾರೆ.

ನಮ್ಮ ಬೋಟಿನಲ್ಲಿರುವುದು ಕಮ್ಮಿನ್ಸ್ ಕಂಪನಿಯ ಎನ್‌ಟಿ 855 ಎಂಜಿನ್. ಆರು ಸಿಲಿಂಡರಿನ ಈ ಎಂಜಿನ್ನಿನ ಸಾಮರ್ಥ್ಯ 855 ಘನ ಇಂಚು, ಅಂದರೆ ಸುಮಾರು 14 ಲೀಟರ್. ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, ಐದೂವರೆ ಇಂಚು; ಸ್ಟ್ರೋಕ್, ಅಂದರೆ ಪಿಸ್ಟನ್ ಚಲಿಸುವ ದೂರ, ಆರು ಇಂಚು. ಗುಜರಾತಿನ ಅಲಂಗ್‌ನಂಥ ಹಡಗು ಒಡೆಯುವ ಅಂಗಳಗಳಿಂದ ಹೊರಬಿದ್ದ ಎಂಜಿನ್ನುಗಳೂ ಬಿಡಿಭಾಗಗಳೂ ಕೈಯಿಂದ ಕೈಗೆ ಸಾಗಿ ಪಶ್ಚಿಮ ಕರಾವಳಿಯ ಬಂದರುಗಳನ್ನು ತಲುಪುತ್ತವೆ. ಹಾಗೆ ಬಂದ ಮಾಲಿನಲ್ಲಿ ಗೇರ್ ಸಹಿತವಾದ ಈ ಶಾಫ್ಟ್ ಇತ್ತು. ಮಾರಿದವರು ಹೇಳಿದ್ದು ‘ಆರು ಸಿಲಿಂಡರಿನದು, ಕೂಡುತ್ತದೆ’ ಎಂಬಷ್ಟು ಮಾತ್ರ. ಕಾಗದಪತ್ರ ಯಾವುದೂ ಇರಲಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಎಂಜಿನ್ ಬಿಚ್ಚುವುದು ಖಚಿತವಾಗಿತ್ತಾದ್ದರಿಂದ, ಅದಕ್ಕೂ ಮೊದಲೇ ಈ ಶಾಫ್ಟ್ ಏನೆಂದು ತಿಳಿಯಬೇಕಿತ್ತು.

ಮಿಸ್ತ್ರಿಯವರು ಮೊದಲು ಮಾಡಿದ ಕೆಲಸ ಶುಚಿಗೊಳಿಸುವುದು, ಅದರಲ್ಲೇ ಅವರ ಎಚ್ಚರ ಕಾಣಿಸಿತು. ಉಪ್ಪುಗಾಳಿಗೆ ತುಕ್ಕು ಹಿಡಿದ ತುದಿಯ ಮೇಲೆ ಒಂದಷ್ಟು ಅಂಕಿಗಳು ಒತ್ತಿದ್ದಂತೆ ತೋರುತ್ತಿತ್ತು. ಬಹುತೇಕ ಅಂಗಡಿಗಳಲ್ಲಿ ಇಂಥ ಕಡೆ ಸೀದಾ ಗ್ರೈಂಡರ್ ಹಿಡಿಯುತ್ತಾರೆ, ತುಕ್ಕಿನ ಜೊತೆ ಅಂಕಿಯೂ ಹೋಗುತ್ತದೆ. ಇಲ್ಲಿ ಸೀಮೆಎಣ್ಣೆಯಲ್ಲಿ ನೆನೆಸಿ, ಹಿತ್ತಾಳೆಯ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಒಣಗಿದ ಮೇಲೆ ಸೀಮೆಸುಣ್ಣ ಸವರಿ, ಒಂದು ದೀಪವನ್ನು ಓರೆಯಾಗಿ ಹಿಡಿದು ನೋಡಿದರು. ಗುಂಡಿಬಿದ್ದ ಗೆರೆಗಳಲ್ಲಿ ಸುಣ್ಣ ನಿಂತು ಮೂರು ಅಂಕಿಗಳು ಸ್ಪಷ್ಟವಾದವು. ಉಳಿದವು ತುಕ್ಕಿನ ಪಾಲಾಗಿದ್ದವು. ಇಡೀ ಸಂಖ್ಯೆ ಸಿಗದಿದ್ದರೆ ಮೂರು ಅಂಕಿಯ ಆಧಾರದ ಮೇಲೆ ಹೆಸರು ಹೇಳಲಾರೆ ಎಂದು ಅವರು ಆಗಲೇ ತಿಳಿಸಿ, ಅಳತೆಯ ಕಡೆಗೆ ತಿರುಗಿದರು.

ಅಳತೆಗೂ ಮೊದಲು ಎಣಿಕೆ. ಶಾಫ್ಟಿನ ಮೇಲಿದ್ದದ್ದು ಹದಿನೆಂಟು ಲೋಬ್‌ಗಳು (ವಾಲ್ವ್ ಮುಂತಾದವನ್ನು ಒತ್ತುವ ಉಬ್ಬುಗಳು), ಅಂದರೆ ಸಿಲಿಂಡರಿಗೆ ಮೂರು. ಪ್ರತ್ಯೇಕ ಡೀಸೆಲ್ ಪಂಪ್ ಇರುವ, ಸಿಲಿಂಡರಿಗೆ ಎರಡೇ ಲೋಬ್ ಇರುವ ಸಾಮಾನ್ಯ ಆರು ಸಿಲಿಂಡರ್ ಎಂಜಿನ್ನಿಗೆ ಹನ್ನೆರಡು ಸಾಕು. ಮೂರನೆಯ ಲೋಬ್ ಇದೆಯೆಂದರೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರನ್ನು ಒತ್ತುವ ಕೆಲಸವೂ ಕ್ಯಾಮ್‌ಶಾಫ್ಟಿನದೇ ಎಂದಾಯಿತು. ಕಮ್ಮಿನ್ಸ್‌ನ ಪಿಟಿ ಇಂಧನ ವ್ಯವಸ್ಥೆ ಹಾಗೆಯೇ ಕೆಲಸ ಮಾಡುತ್ತದೆ. ಆದರೆ ಡೆಟ್ರಾಯಿಟ್ ಡೀಸೆಲ್‌ನ 6-71 ಎಂಜಿನ್ನಿನಲ್ಲೂ ಸಿಲಿಂಡರಿಗೆ ಮೂರು ಲೋಬ್‌ಗಳೇ ಇವೆ, ಅದೂ ಹಡಗುಗಳಲ್ಲಿ ಧಾರಾಳವಾಗಿ ಬಳಕೆಯಾದ ಎಂಜಿನ್ನೇ. ಆದ್ದರಿಂದ ಎಣಿಕೆ ಇಲ್ಲಿಗೆ ನಿಲ್ಲುವಂತಿಲ್ಲ. ಕೋನ ಅಳೆದರೂ ಪ್ರಯೋಜನವಿಲ್ಲ: ನಾಲ್ಕು ಸ್ಟ್ರೋಕಿನ ಆರು ಸಿಲಿಂಡರ್ ಎಂಜಿನ್ನಿನಲ್ಲಿ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡ) 120 ಡಿಗ್ರಿ ತಿರುಗಿದಾಗಲೆಲ್ಲ ಒಂದು ಸಿಲಿಂಡರ್ ಉರಿಯುತ್ತದೆ, ಕ್ಯಾಮ್ ಅದರ ಅರ್ಧ ವೇಗದಲ್ಲಿ ತಿರುಗುವುದರಿಂದ ಲೋಬ್‌ಗಳ ನಡುವಿನ ಅಂತರ 60 ಡಿಗ್ರಿ, ಎರಡು ಸ್ಟ್ರೋಕಿನ 6-71ರಲ್ಲಿ ಕ್ರ್ಯಾಂಕ್ 60 ಡಿಗ್ರಿ ತಿರುಗಿದಾಗಲೆಲ್ಲ ಒಂದು ಸಿಲಿಂಡರ್ ಉರಿಯುತ್ತದೆ, ಕ್ಯಾಮ್ ಕ್ರ್ಯಾಂಕಿನ ವೇಗದಲ್ಲೇ ತಿರುಗುವುದರಿಂದ ಅಲ್ಲೂ 60 ಡಿಗ್ರಿಯೇ.

ವ್ಯತ್ಯಾಸ ಇರುವುದು ಒಂದೇ ಸಿಲಿಂಡರಿನ ಮೂರು ಲೋಬ್‌ಗಳ ಒಳಗೆ. ಡೆಟ್ರಾಯಿಟ್ 71 ಸಾಲಿನ ಎಂಜಿನ್ನಿನಲ್ಲಿ ಒಳಹರಿವಿನ ವಾಲ್ವ್ ಇಲ್ಲ. ಗಾಳಿ ಬ್ಲೋವರ್‌ನಿಂದ ಲೈನರಿನ ಕಿಂಡಿಗಳ ಮೂಲಕ ಬರುತ್ತದೆ. ಹಾಗಾಗಿ ಆಚೀಚೆಯ ಎರಡು ಲೋಬ್‌ಗಳೂ ಎಕ್ಸಾಸ್ಟಿನವೇ, ಅಂದರೆ ಹೊಗೆ ಹೊರಬಿಡುವ ವಾಲ್ವಿನವೇ, ಅವುಗಳ ಮೂಗುಗಳು (ಚಾಚಿದ ತುದಿಗಳು) ಒಂದೇ ಕಡೆಗೆ ಚಾಚಿರುತ್ತವೆ. ನಮ್ಮ ಶಾಫ್ಟಿನಲ್ಲಿ ಎರಡು ವಾಲ್ವ್ ಲೋಬ್‌ಗಳ ಮೂಗುಗಳು ಕಾಲು ಸುತ್ತಿಗಿಂತ ಹೆಚ್ಚು ಅಂತರದಲ್ಲಿದ್ದವು, ಎಂದರೆ ಒಂದು ಇನ್‌ಲೆಟ್, ಇನ್ನೊಂದು ಎಕ್ಸಾಸ್ಟ್. ಮೂರನೆಯ ಲೋಬ್ ಆಕಾರದಲ್ಲೇ ಬೇರೆ: ಸುತ್ತಿನ ಬಹುಭಾಗ ಎತ್ತರದಲ್ಲೇ ಉಳಿದು, ಒಂದು ಕಡೆ ಮಾತ್ರ ತಗ್ಗುತ್ತಿತ್ತು. ಪಿಟಿ ಇಂಜೆಕ್ಟರಿನ ಪ್ಲಂಜರ್ ಹೆಚ್ಚಿನ ಹೊತ್ತು ಕೆಳಗೆ ಒತ್ತಿಕೊಂಡೇ ಇರಬೇಕಾದ್ದರಿಂದ ಆ ಲೋಬ್ ಹಾಗಿರುತ್ತದೆ. ಇಷ್ಟನ್ನು ಮಿಸ್ತ್ರಿಯವರು ಬೆರಳಿನಿಂದ ತೋರಿಸುತ್ತ, ನಾನು ನೋಡಿ ಒಪ್ಪಿದ ಮೇಲೆಯೇ ಮುಂದಕ್ಕೆ ಹೋದರು. ಗಿರಾಕಿಗೆ ಹೀಗೆ ಪಾಠದಂತೆ ಬಿಡಿಸಿ ಹೇಳುವ ತಾಳ್ಮೆಯನ್ನು ನಾನು ಬಹಳ ಬೆಲೆಯುಳ್ಳದ್ದೆಂದು ಎಣಿಸುತ್ತೇನೆ.

ಬಳಿಕ ಜರ್ನಲ್‌ಗಳ, ಅಂದರೆ ಶಾಫ್ಟ್ ಬೇರಿಂಗಿನಲ್ಲಿ ಕೂರುವ ಭಾಗಗಳ, ಅಳತೆ. ಎನ್‌ಟಿ 855ರ ಕ್ಯಾಮ್‌ಶಾಫ್ಟುಗಳಲ್ಲಿ ಎರಡು ಮುಖ್ಯ ವರ್ಗಗಳಿವೆ. ಹಳೆಯವುಗಳ ವ್ಯಾಸ 2 ಇಂಚು. 1976ರಲ್ಲಿ ಬಂದ, ‘ಬಿಗ್ ಕ್ಯಾಮ್’ ಎಂದು ಕರೆಯಲಾಗುವ ಎಂಜಿನ್ನುಗಳಲ್ಲಿ ಅದು ಎರಡೂವರೆ ಇಂಚು. ಮೈಕ್ರೋಮೀಟರ್ ತೋರಿಸಿದ್ದು 63.5 ಮಿಲಿಮೀಟರಿಗಿಂತ ತುಸು ಕಡಿಮೆ. ನಮ್ಮ ಎಂಜಿನ್ ಕೂಡ ಬಿಗ್ ಕ್ಯಾಮ್ ಆದ್ದರಿಂದ ಇದು ನೆಮ್ಮದಿಯ ಸುದ್ದಿ. ಹಳೆಯ ಬಗೆಯದಾಗಿದ್ದರೆ ಮುಂದಿನ ಯಾವ ಪರೀಕ್ಷೆಯೂ ಬೇಕಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಶಾಫ್ಟ್ ಯಾವ ದಿಕ್ಕಿಗೆ ತಿರುಗುವ ಎಂಜಿನ್ನಿನದು ಎಂಬ ಪ್ರಶ್ನೆ. ಲಾರಿಯ ಎಂಜಿನ್ನಿನಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಹಡಗಿನ ಮಾಲಿನಲ್ಲಿ ಏಳುತ್ತದೆ, ಏಕೆಂದರೆ ಎರಡು ಪ್ರೊಪೆಲ್ಲರ್ ಇರುವ ಕೆಲವು ಹಡಗುಗಳಲ್ಲಿ ಒಂದು ಎಂಜಿನ್ ಬಲಕ್ಕೂ ಇನ್ನೊಂದು ಎಡಕ್ಕೂ ತಿರುಗುವಂತೆ ಕೂರಿಸಿರುತ್ತಾರೆ. ಸಿಲಿಂಡರುಗಳು ಉರಿಯುವ ಸರದಿಯನ್ನು ನೋಡಿ ದಿಕ್ಕು ಹೇಳಬಹುದೆಂದು ಹಲವರು ಭಾವಿಸುತ್ತಾರೆ, ಅದು ಸಾಲದು. 1-5-3-6-2-4 ಎಂಬ ಸರದಿಯ ಶಾಫ್ಟನ್ನು ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಅದೇ ಮೂಗುಗಳು 1-4-2-6-3-5 ಎಂದು ಓದಿಸಿಕೊಳ್ಳುತ್ತವೆ, ಅದು ಎಡಕ್ಕೆ ತಿರುಗುವ ಎಂಜಿನ್ನಿಗೆ ಒಪ್ಪುವ ಸರದಿಯೇ. ನಿಜವಾದ ಸಾಕ್ಷಿ ಸಿಗುವುದು ಒಂದೇ ಸಿಲಿಂಡರಿನ ಎರಡು ವಾಲ್ವ್‌ಗಳ ಸಂಬಂಧದಲ್ಲಿ: ಎಂಜಿನ್ ಯಾವ ದಿಕ್ಕಿಗೆ ತಿರುಗಿದರೂ ಎಕ್ಸಾಸ್ಟ್ ಮೊದಲು ತೆರೆಯಬೇಕು, ಅದು ಮುಚ್ಚುವ ಹೊತ್ತಿಗೆ ಇನ್‌ಲೆಟ್ ತೆರೆಯಬೇಕು. ಎಡ ಎಂಜಿನ್ನಿನ ಶಾಫ್ಟನ್ನು ಬಲ ಎಂಜಿನ್ನಿಗೆ ಹಾಕಿದರೆ ಈ ಕ್ರಮ ತಲೆಕೆಳಗಾಗುತ್ತದೆ. ಎಂಜಿನ್ ಸ್ಟಾರ್ಟ್ ಆಗುವುದಂತೂ ದೂರದ ಮಾತು, ವಾಲ್ವ್ ಪಿಸ್ಟನ್ನಿಗೆ ಬಡಿದು ಇನ್ನಷ್ಟು ಹಾನಿಯೇ ಆದೀತು.

ಯಾವ ಲೋಬ್ ಎಕ್ಸಾಸ್ಟಿನದು ಎಂದು ಶಾಫ್ಟ್ ಒಂದನ್ನೇ ನೋಡಿ ಹೇಳುವುದು ಕಷ್ಟ. ಎನ್‌ಟಿ 855ಕ್ಕೆ ಎರಡು ಸಿಲಿಂಡರಿಗೆ ಒಂದರಂತೆ ಮೂರು ಹೆಡ್‌ಗಳಿರುತ್ತವೆ (ವಾಲ್ವ್‌ಗಳು ಕೂರುವ ಮೇಲ್ಭಾಗ). ಅಂಗಳದಲ್ಲಿ ಬಿದ್ದಿದ್ದ ಅಂಥದೊಂದು ಹಳೆಯ ಹೆಡ್ಡನ್ನು ರಾಕರ್ ಸಮೇತ ತರಿಸಿ, ಯಾವ ಪುಶ್ ರಾಡ್ ಯಾವ ವಾಲ್ವಿಗೆ ಹೋಗುತ್ತದೆ ಎಂಬುದನ್ನು ಶಾಫ್ಟಿನ ಪಕ್ಕದಲ್ಲಿಟ್ಟು ಹೊಂದಿಸಿದರು. ಆಮೇಲೆ ಶಾಫ್ಟನ್ನು ವಿ-ಬ್ಲಾಕ್‌ಗಳ ಮೇಲೆ ಮಲಗಿಸಿ, ಗೇರಿಗೆ ಡಿಗ್ರಿ ಗುರುತಿನ ಚಕ್ರ ಕಟ್ಟಿ, ಡಯಲ್ ಗೇಜ್ ಹಿಡಿದು ತಿರುಗಿಸಿದರು. ಕ್ರ್ಯಾಂಕ್ ಗೇರಿಗೆ ಕ್ಯಾಮ್ ಗೇರ್ ನೇರವಾಗಿ ಕೂಡಿದ್ದರೆ ಎರಡೂ ವಿರುದ್ಧ ದಿಕ್ಕಿಗೆ ತಿರುಗುತ್ತವೆ, ನಡುವೆ ಇನ್ನೊಂದು ಗೇರ್ ಬಂದರೆ ಒಂದೇ ದಿಕ್ಕಿಗೆ. ಈ ಅಂಶವನ್ನು ಮರೆತರೆ ಇಡೀ ಲೆಕ್ಕ ಉಲ್ಟಾ ಆಗುತ್ತದೆ ಎಂದು ಎಚ್ಚರಿಸಿದರು. ಕೊನೆಗೆ ಬಂದ ತೀರ್ಮಾನ: ಶಾಫ್ಟ್ ಬಲಕ್ಕೆ ತಿರುಗುವ ಸಾಮಾನ್ಯ ಎಂಜಿನ್ನಿನದೇ. ಒಂದೇ ಸಿಲಿಂಡರ್ ನೋಡಿ ಸುಮ್ಮನಾಗದೆ ಆರನ್ನೂ ಹೀಗೆ ಪರೀಕ್ಷಿಸಿದ್ದು ನನಗೆ ಬಹಳ ಹಿಡಿಸಿತು.

ಗೇರಿನ ಒಂದು ಹಲ್ಲಿನ ಅಂಚು ಮುರಿದಿದ್ದರಿಂದ ಅದನ್ನು ಪ್ರೆಸ್‌ನಲ್ಲಿ ಬಿಡಿಸಬೇಕಾಯಿತು. ಬಿಡಿಸುವ ಮುನ್ನ ಗೇರಿಗೂ ಶಾಫ್ಟಿಗೂ ಸೇರಿಸಿ ಗುರುತು ಗೀಚಿಕೊಂಡರು. ಒಳಗಿನಿಂದ ಹೊರಬಂದ ಕೀ (ಗೇರ್ ಶಾಫ್ಟಿನ ಮೇಲೆ ಜಾರದಂತೆ ಹಿಡಿಯುವ ಲೋಹದ ತುಂಡು) ನೋಡಲು ಬೆರಳ ತುದಿಯಷ್ಟು ಚಿಕ್ಕದು, ಆದರೆ ಅದರ ಮೇಲರ್ಧ ಕೆಳಗಿನ ಅರ್ಧಕ್ಕಿಂತ ಸ್ವಲ್ಪ ಪಕ್ಕಕ್ಕೆ ಸರಿದಿತ್ತು. ಕೈಗೆ ಸಿಕ್ಕಿದ ಯಾವುದೋ ಕೀ ತುರುಕಿದ್ದಲ್ಲ ಅದು; ಈ ಎಂಜಿನ್ನುಗಳಲ್ಲಿ ಇಂಜೆಕ್ಷನ್ ಟೈಮಿಂಗನ್ನು ಬದಲಿಸಲು ಇಂಥ ಆಫ್‌ಸೆಟ್ ಕೀಗಳನ್ನು ಬಳಸುತ್ತಾರೆ. ಲೋಬ್‌ಗಳ ಮೇಲೆ ಓಡುವ ಕ್ಯಾಮ್ ಫಾಲೋವರ್‌ಗಳ ಪೆಟ್ಟಿಗೆಯ ಗ್ಯಾಸ್ಕೆಟ್ ದಪ್ಪವನ್ನು ಹೆಚ್ಚುಕಡಿಮೆ ಮಾಡಿಯೂ ಟೈಮಿಂಗ್ ಹೊಂದಿಸುವುದುಂಟು. ‘ಈ ಕೀ ಕಳೆದರೆ ಮೊದಲು ಹೇಗಿತ್ತು ಅಂತ ಯಾರಿಗೂ ಗೊತ್ತಾಗೂದಿಲ್ಲ, ನೀವೇ ಇಟ್ಕೊಳ್ರಿ’ ಎಂದು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಯಾವ ಬದಿ ಮುಂದಿತ್ತೆಂದು ಬರೆದು ಕೊಟ್ಟರು. ನಮ್ಮ ಎಂಜಿನ್ನಿಗೆ ಇದೇ ಕೀ ಬೇಕೆಂದೇನೂ ಇಲ್ಲ; ಅಲ್ಲಿ ಟೈಮಿಂಗ್ ಅಳೆದ ಮೇಲೆ ನಿರ್ಧರಿಸಬೇಕು ಎಂಬುದನ್ನೂ ಸೇರಿಸಿದರು.

ಎಲ್ಲಿಯವರೆಗೆ ಗುರುತು ಖಚಿತ, ಎಲ್ಲಿಂದ ಮುಂದೆ ಅಲ್ಲ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಎನ್‌ಟಿ 855, ಬಿಗ್ ಕ್ಯಾಮ್, ಬಲ ತಿರುಗುವಿಕೆ: ಇಷ್ಟು ಖಚಿತ. ಆದರೆ ಬಿಗ್ ಕ್ಯಾಮ್ ಎಂಬ ಹೆಸರಿನಡಿಯೇ ಹಲವು ಹಂತದ ಎಂಜಿನ್ನುಗಳು ಬಂದಿವೆ, ವ್ಯಾಸ ಒಂದೇ ಆದರೂ ಲೋಬ್‌ಗಳ ಆಕಾರ ಬೇರೆ ಬೇರೆ ಇರಬಹುದು. ಕಮ್ಮಿನ್ಸ್ ಎಂಜಿನ್ನಿನ ಫಲಕದ ಮೇಲೆ ಸಿಪಿಎಲ್ ಎಂಬ ಸಂಖ್ಯೆಯೊಂದಿರುತ್ತದೆ. ಆ ಎಂಜಿನ್ನಿಗೆ ಯಾವ ಕ್ಯಾಮ್‌ಶಾಫ್ಟ್, ಯಾವ ಪಿಸ್ಟನ್, ಯಾವ ಇಂಜೆಕ್ಟರ್ ಸೇರಬೇಕು ಎಂಬುದನ್ನು ನಿಗದಿ ಮಾಡುವುದು ಅದೇ. ನಮ್ಮ ಬೋಟಿನ ಫಲಕದ ಸಿಪಿಎಲ್ ಸಂಖ್ಯೆಯನ್ನು ಅಧಿಕೃತ ಬಿಡಿಭಾಗ ಮಾರಾಟಗಾರರಲ್ಲಿ ಕೊಟ್ಟು, ಅದಕ್ಕೆ ಸೇರುವ ಕ್ಯಾಮ್‌ಶಾಫ್ಟಿನ ಸಂಖ್ಯೆಯಲ್ಲಿ ಈ ಮೂರು ಅಂಕಿಗಳು ಅದೇ ಸ್ಥಾನದಲ್ಲಿ ಬರುತ್ತವೆಯೇ ಎಂದು ನೋಡಿಕೊಂಡು ಬರುವಂತೆ ಸೂಚಿಸಿದರು. ಮೂರೂ ಹೊಂದಿದವು. ಆಗ ಮಾತ್ರ ಮಿಸ್ತ್ರಿಯವರು ಹಾಕಬಹುದು ಎಂದರು, ಅದೂ ಒಂದು ಷರತ್ತಿನ ಮೇಲೆ: ಎರಡನೆಯ ಸಿಲಿಂಡರಿನ ಇಂಜೆಕ್ಟರ್ ಲೋಬಿನ ಮೇಲೆ ರೋಲರ್ ಓಡುವ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಒಂದು ಕುಳಿ ಇದೆ, ಬಿರುಕಿನ ಪರೀಕ್ಷೆ ಮಾಡಿಸದೆ ಹಾಕಬಾರದು. ಕಾಂತೀಯ ಪುಡಿಯಿಂದ ಮಾಡುವ ಆ ಪರೀಕ್ಷೆಯ ಸೌಲಭ್ಯ ಇಲ್ಲಿಲ್ಲ. ಶಾಫ್ಟನ್ನು ಬೇರೆ ಊರಿಗೆ ಕಳುಹಿಸಬೇಕಾಯಿತು.

ಕೊರತೆಗಳನ್ನೂ ಹೇಳಬೇಕು. ಇಷ್ಟು ಶ್ರಮದಿಂದ ತೆಗೆದ ಅಳತೆಗಳನ್ನು ಅವರು ಕಾಗದದ ಮೇಲೆ ಕೊಡುವುದಿಲ್ಲ. ನಾನೇ ಪಕ್ಕದಲ್ಲಿ ನಿಂತು ಬರೆದುಕೊಂಡೆ. ಮುದ್ರಿತ ಒಂದು ಹಾಳೆಯಲ್ಲಿ ಜರ್ನಲ್ ವ್ಯಾಸ, ಪ್ರತಿ ಲೋಬಿನ ಎತ್ತರ, ಕೋನಗಳನ್ನು ತುಂಬಿ ಸಹಿ ಮಾಡಿ ಕೊಟ್ಟರೆ ಮುಂದೆ ಶಾಫ್ಟ್ ಮಾರುವಾಗಲೂ ಉಪಯೋಗವಾದೀತು, ಇದಕ್ಕೆ ಹೆಚ್ಚುವರಿ ಹಣ ಕೊಡಲು ಯಾರೂ ಹಿಂಜರಿಯಲಾರರು. ತೆರೆದ ತಗಡಿನ ಮಾಡಿನಡಿ, ಪಕ್ಕದಲ್ಲೇ ಗ್ರೈಂಡಿಂಗ್ ನಡೆಯುತ್ತಿರುವಾಗ ಡಯಲ್ ಗೇಜ್ ಇಟ್ಟು ಅಳೆಯುವುದು ಸರಿಯಾದ ಏರ್ಪಾಡಲ್ಲ. ಮೊದಲೇ ದರ ಹೇಳುವ ಪದ್ಧತಿಯೂ ಇಲ್ಲ. ನಮ್ಮಿಂದ ಪರೀಕ್ಷೆಗೂ ಗೇರ್ ಬಿಡಿಸಿದ್ದಕ್ಕೂ ಸೇರಿ 2,000 ರೂಪಾಯಿ ತೆಗೆದುಕೊಂಡರು. ಮಾಡಿದ ಕೆಲಸಕ್ಕೆ ಅದು ಕಡಿಮೆಯೇ.

ಹೋಗುವವರು ಶಾಫ್ಟನ್ನು ತಾವೇ ಉಜ್ಜಿ ಹೊಳಪು ಮಾಡದೆ, ಸಿಕ್ಕ ಸ್ಥಿತಿಯಲ್ಲೇ ಗೋಣಿಯಲ್ಲಿ ಸುತ್ತಿ ಒಯ್ಯಬೇಕು. ಜೊತೆಗಿದ್ದ ಫಾಲೋವರ್, ಕೀ, ಗ್ಯಾಸ್ಕೆಟ್ ಚೂರು ಏನಿದ್ದರೂ ಬಿಸಾಡಬಾರದು. ತಮ್ಮ ಎಂಜಿನ್ನಿನ ಫಲಕದ ಫೋಟೊ ಮೊಬೈಲಿನಲ್ಲಿರಲಿ. ಜೂನ್ ತಿಂಗಳಲ್ಲಿ ಬೋಟುಗಳು ದಡ ಹತ್ತಿದ ಮೇಲೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಆಗ ಇಂಥ ನಿಧಾನದ ಕೆಲಸವನ್ನು ಅವರು ಒಪ್ಪಿಕೊಳ್ಳುವುದೂ ಇಲ್ಲ. ಏಪ್ರಿಲ್ ಅಥವಾ ಮೇ ತಿಂಗಳಲ್ಲಿ, ಬೆಳಗಿನ ಹೊತ್ತು ಹೋಗುವುದು ಒಳ್ಳೆಯದು.