‘ಎಲ್ಲದಕ್ಕೂ ಒಂದೇ ಬೋರ್ಡ್’ ಅಂತ ಮಾರುವ ಲಾಂಗ್‌ಬೋರ್ಡ್: ಕೊಳ್ಳುವ ಮುಂಚೆ ಓದಿ

ಇಳಿಜಾರಿನಲ್ಲಿ ಸ್ಲೈಡ್ ಮಾಡಬಹುದು (ಬೋರ್ಡನ್ನು ಅಡ್ಡಕ್ಕೆ ಜಾರಿಸಬಹುದು), ಬೀದಿಯಲ್ಲಿ ಆಲಿನೂ (ಬೋರ್ಡ್ ಸಮೇತ ಮೇಲಕ್ಕೆ ಹಾರುವುದು) ಹೊಡೆಯಬಹುದು ಅಂತ ಹೇಳಿ ಕಿಕ್‌ಟೇಲ್ (ಮೇಲಕ್ಕೆ ಬಾಗಿದ ಹಿಂತುದಿ) ಇರುವ ಲಾಂಗ್‌ಬೋರ್ಡ್, ಅಂದರೆ ಉದ್ದನೆಯ ಸ್ಕೇಟ್‌ಬೋರ್ಡ್ ಮಾರುತ್ತಾರೆ. ಅಂಥದ್ದೊಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಅಂಗಡಿಯ ಹೆಸರು ಬೇಡ, ಡೆಕ್, ಅಂದರೆ ನಿಲ್ಲುವ ಹಲಗೆಯ ಬಗ್ಗೆ ಮಾತ್ರ ಹೇಳುತ್ತೇನೆ.

ದೊಡ್ಡ ತೊಂದರೆ ವೀಲ್‌ಬೈಟ್. ತಿರುಗುವಾಗ ಮೈ ವಾಲಿಸಿದರೆ ಡೆಕ್ಕಿನ ಅಂಚು ಚಕ್ರಕ್ಕೆ ತಾಗುತ್ತದೆ. ತಾಗಿದ ಕೂಡಲೇ ಚಕ್ರ ನಿಲ್ಲುತ್ತದೆ, ನಾವು ನಿಲ್ಲುವುದಿಲ್ಲ. ಈ ಬೋರ್ಡಿಗೆ 70 ಮಿಲಿಮೀಟರಿನ ಚಕ್ರ ಹಾಕಿ ಕೊಟ್ಟಿದ್ದರು. ಅಷ್ಟು ದೊಡ್ಡ ಚಕ್ರಕ್ಕೆ ಡೆಕ್ಕಿನ ಅಡಿಯಲ್ಲಿ ತಗ್ಗು ಕೆತ್ತಿರಬೇಕು, ಇಲ್ಲವೇ ಟ್ರಕ್ಕಿಗೂ (ಚಕ್ರ ಕೂರಿಸುವ ಲೋಹದ ಅಚ್ಚು) ಡೆಕ್ಕಿಗೂ ನಡುವೆ ರೈಸರ್, ಅಂದರೆ ಎತ್ತರಿಸುವ ಬಿಲ್ಲೆ ಇರಬೇಕು. ಎರಡೂ ಇರಲಿಲ್ಲ. ನಮ್ಮ ಲೇಔಟಿನ ಇಳಿಜಾರಿನಲ್ಲಿ ಎಡಕ್ಕೆ ಸ್ವಲ್ಪ ಜೋರಾಗಿ ವಾಲಿದೆ, ಮುಂದಿನ ಚಕ್ರ ಕಚ್ಚಿಕೊಂಡಿತು. ಹೆಲ್ಮೆಟ್, ಸ್ಲೈಡ್ ಗ್ಲೌಸ್, ಮಂಡಿಗೆ ಪ್ಯಾಡ್ ಎಲ್ಲ ಇದ್ದವು. ಮೊಣಕೈ ಚರ್ಮ ಮಾತ್ರ ಕಿತ್ತುಹೋಯಿತು.

ಫೋನ್ ಮಾಡಿದರೆ, “ಟ್ರಕ್ ಟೈಟ್ ಮಾಡ್ಕೊಳ್ಳಿ ಸರ್” ಅಂದರು. ಟೈಟ್ ಮಾಡಿದರೆ ಬೋರ್ಡ್ ತಿರುಗುವುದೇ ಇಲ್ಲ! ಫ್ರೀರೈಡಿಗೆ (ಇಳಿಜಾರಿನಲ್ಲಿ ತಿರುಗುತ್ತಾ, ಜಾರುತ್ತಾ ಇಳಿಯೋದಕ್ಕೆ) ಅಂತ ಮಾರಿದ ಬೋರ್ಡ್ ತಿರುಗದಿದ್ದರೆ ಅದನ್ನಿಟ್ಟುಕೊಂಡು ಏನು ಮಾಡೋದು? ಕೊನೆಗೆ ನಾನೇ ಕಾಲು ಇಂಚಿನ ರೈಸರ್, ಉದ್ದದ ಬೋಲ್ಟ್ ತಂದು ಹಾಕಿದೆ. ಕಚ್ಚುವುದು ನಿಂತಿತು. ಆದರೆ ಡೆಕ್ ಇನ್ನಷ್ಟು ಎತ್ತರವಾಯಿತು. ಕಾಲಿನಿಂದ ತಳ್ಳುವುದು ಸುಸ್ತು, ಸ್ಲೈಡ್ ಮಾಡುವಾಗ ಭಯ.

ಇನ್ನು ಬೀದಿಯ ವಿಷಯ. ಈ ಭಾರ, ಈ ಉದ್ದ, ಮೇಲೆ 78ಎ ಮೆತ್ತನೆ ಚಕ್ರ (‘ಎ’ ಅನ್ನೋದು ಗಡಸುತನದ ಅಳತೆ, ಅಂಕಿ ಹೆಚ್ಚಿದಷ್ಟೂ ಗಟ್ಟಿ). ಆಲಿ ಹೊಡೆದರೆ ಫುಟ್‌ಪಾತ್ ಹತ್ತುವಷ್ಟೂ ಏಳುವುದಿಲ್ಲ. ಸ್ಟ್ರೀಟ್‌ನವರು ಹಾಕುವ 54 ಮಿಲಿಮೀಟರಿನ, 99ಎ ಗಟ್ಟಿ ಚಕ್ರ ಹಾಕಿಯೂ ನೋಡಿದೆ. ನಮ್ಮ ಡಾಂಬರಿನ ಮೇಲೆ ಹಲ್ಲು ಕಟಕಟ ಅನ್ನುತ್ತದೆ, ಸಣ್ಣ ಜಲ್ಲಿ ಸಿಕ್ಕರೂ ಬೋರ್ಡ್ ಗಕ್ಕನೆ ನಿಲ್ಲುತ್ತದೆ.

ಅಷ್ಟರಲ್ಲಿ ಟೇಲ್ ತುದಿ ಸೀಳಿತು. ‘9 ಪದರ, ಕೆನಡಾ ಮೇಪಲ್’ ಅಂತ ಬರೆದಿದ್ದರು. ಅಂಚಿನಲ್ಲಿ ಎಣಿಸಿದರೆ 7 ಪದರ. ಒಳಗಿನ ಮರ ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆದು. ಮೇಪಲ್ ಹಾಗಿರುವುದಿಲ್ಲ. ವಾಪಸ್ ಕೇಳಿದರೆ, ಗ್ರಿಪ್‌ಟೇಪ್ (ಕಾಲು ಜಾರದಂತೆ ಡೆಕ್ ಮೇಲೆ ಅಂಟಿಸುವ ಒರಟು ಹಾಳೆ) ಮೇಲೆ ಶೂ ಗುರುತಿದೆ, ಬಳಸಿದ ಮಾಲು ತಗೊಳ್ಳಲ್ಲ ಅಂದರು. ನಿಂತು ನೋಡದೆ ಸ್ಕೇಟ್‌ಬೋರ್ಡ್ ಪರೀಕ್ಷೆ ಮಾಡೋದಾದರೂ ಹೇಗೆ?

ಹಾಗಾಗಿ ಪಾರ್ಸೆಲ್ ಬಿಚ್ಚುವಾಗಲೇ ವಿಡಿಯೋ ಮಾಡಿ. ಮೊದಲು ಅಂಚಿನ ಪದರ ಎಣಿಸಿ. ಮೂತಿಯಿಂದ ಟೇಲ್‌ವರೆಗೆ ನಡುಮಧ್ಯೆ ದಾರ ಎಳೆದು, ಬೋಲ್ಟ್ ತೂತುಗಳು ಅದರ ಎರಡೂ ಕಡೆ ಸಮ ದೂರದಲ್ಲಿವೆಯಾ ನೋಡಿ. ಸೊಟ್ಟಗಿದ್ದರೆ ಬೋರ್ಡ್ ಒಂದೇ ಕಡೆ ಎಳೆಯುತ್ತದೆ. ಆಮೇಲೆ ಬರಿಗಾಲಲ್ಲಿ, ಗೋಡೆ ಹಿಡಿದು ಡೆಕ್ ಮೇಲೆ ನಿಂತು ಒಂದೇ ಅಂಚಿಗೆ ಪೂರ್ತಿ ಭಾರ ಹಾಕಿ. ಡೆಕ್ಕಿಗೂ ಚಕ್ರಕ್ಕೂ ನಡುವೆ ಕಾಗದದ ಚೂರು ತೂರಿಸೋಕೆ ಇನ್ನೊಬ್ಬರಿಗೆ ಹೇಳಿ. ಅದು ಸಿಕ್ಕಿಹಾಕಿಕೊಂಡರೆ ಅಲ್ಲಿಗೇ ನಿಲ್ಲಿಸಿ ವಾಪಸ್ ಕಳಿಸಿ.

ಟ್ರಕ್, ಚಕ್ರ ಚೆನ್ನಾಗಿವೆ, ಬಿಚ್ಚಿಟ್ಟುಕೊಂಡಿದ್ದೇನೆ. ಡೆಕ್ಕನ್ನು ಸೆಕೆಂಡ್ ಹ್ಯಾಂಡ್‌ಗೆ ಕೊಡ್ತೀರಾ ಅಂತ ಇಬ್ಬರು ಕೇಳಿದರು. ಕೊಡುವುದಿಲ್ಲ.